ತಮ್ಮನನ್ನು ಆ ಗುಂಪಿಗೆ ಕಳಿಸಿ

ಜಮಖಂಡಿ ತಾಲ್ಲೂಕಿನ ನಿವೃತ್ತ ಮಾಸ್ತರರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ, ಹಾಕುವುದಿಲ್ಲ. ಅವರ ತಮ್ಮ ಅಮೆರಿಕದಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾರೆ. ಎರಡೂ ಕಿಡ್ನಿ ಕೈಕೊಟ್ಟು, ಕಳೆದ ದೀಪಾವಳಿಯಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್ ನಡೆದಿದೆ. ಬೇರೆ ಬೇರೆ ದೇಶಗಳಿಂದ ಬಂದು ಅಲ್ಲಿ ನೆಲೆಸಿದ, ಇದೇ ರೋಗ ಇರುವವರ ಗುಂಪೊಂದು ತಿಂಗಳಿಗೊಮ್ಮೆ ಸೇರುತ್ತದಂತೆ. ಆಸ್ಪತ್ರೆಯ ಸಮಾಜ ಕಾರ್ಯಕರ್ತೆ ‘ನೀವೂ ಬನ್ನಿ’ ಎಂದು ಕರೆದಿದ್ದಾರೆ. ತಮ್ಮನಿಗೆ ಮನಸ್ಸಿಲ್ಲ, ಅಣ್ಣನಿಗೂ ಇಲ್ಲ. ಮಾಸ್ತರರು ಕೇಳುತ್ತಾರೆ: “ರೋಗಿ ರೋಗಿಗೆ ಏನು ಹೇಳಿಯಾನು? ಅಷ್ಟು ದೊಡ್ಡ ದೇಶದಲ್ಲಿ ತಜ್ಞ ವೈದ್ಯರಿಗೆ ಬರವೇ? ಮನೆಯ ಮಾತು ನಾಲ್ಕು ಮಂದಿಯ ಬಾಯಿಗೆ ಬಿದ್ದರೆ ನಾಳೆ ಅವನ ನೌಕರಿಗೂ ಕುತ್ತು, ಮಗಳ ಮದುವೆಗೂ ಕುತ್ತು. ನಿಮ್ಮ ಅಭಿಪ್ರಾಯ ತಿಳಿಸಿ.”

ಕಳಿಸಿ, ಮಾಸ್ತರರೇ. ನನ್ನ ಅಭಿಪ್ರಾಯ ಇಷ್ಟೇ. ಆದರೆ ಇಷ್ಟಕ್ಕೇ ನಿಲ್ಲಿಸಲು ನನಗೆ ಮನಸ್ಸಾಗುತ್ತಿಲ್ಲ. ಈ ವಿಚಾರ ಬಹಳ ದಿನದಿಂದ ನನ್ನೊಳಗೆ ಕುದಿಯುತ್ತಿದೆ.

ವೈದ್ಯರ ಬಗ್ಗೆ ನೀವು ಹೇಳಿದ್ದು ಖರೆ. ಎಷ್ಟು ತಾಸು ಡಯಾಲಿಸಿಸ್, ಯಾವ ಗುಳಿಗೆ, ಮೈಯಿಂದ ಎಷ್ಟು ನೀರು ತೆಗೆಯಬೇಕು ಎಂಬುದನ್ನು ಅವರೇ ಹೇಳಬೇಕು. ಕೂಡಿ ಕೂತವರಲ್ಲಿ ಯಾರೋ ಒಬ್ಬ ‘ಬೇರಿನ ಕಷಾಯ ಕುಡಿ, ಸೂಜಿ ಬಿಡು’ ಎಂದು ಹೇಳಿ, ಇನ್ನೊಬ್ಬ ಅದನ್ನು ನಂಬಿದರೆ ಜೀವವೇ ಹೋದೀತು. ಅದಕ್ಕೇ ಒಳ್ಳೆಯ ಗುಂಪುಗಳಲ್ಲಿ ತರಬೇತಿ ಆದವರೊಬ್ಬರು ಜೊತೆಗಿರುತ್ತಾರೆ. ಇಲ್ಲಿಯವರೆಗೆ ನಿಮ್ಮ ಮಾತಿಗೆ ನನ್ನ ಒಪ್ಪಿಗೆ ಇದೆ.

‘ರೋಗಿ ರೋಗಿಗೆ ಏನು ಹೇಳಿಯಾನು’ ಎಂದಿರಲ್ಲ, ಅದನ್ನು ಒಪ್ಪಲಾರೆ. ನಮ್ಮ ಪತ್ರಿಕೆಯ ಅಚ್ಚಿನ ಮನೆಯಲ್ಲಿ ಬಹಳ ವರ್ಷ ದುಡಿದವರೊಬ್ಬರಿಗೆ ಇದೇ ಬ್ಯಾನಿ. ಅವರ ಜೊತೆ ಇಲ್ಲೇ ವಿಜಯಪುರದ ಒಂದು ದವಾಖಾನೆಯಲ್ಲಿ, ಡಯಾಲಿಸಿಸ್ ಕೋಣೆಯ ಹೊರಗಿನ ಬಾಕಿನ ಮೇಲೆ ನಾನೂ ಕೂತಿದ್ದೇನೆ. ಒಂದು ದಿನ ಹೊಸದಾಗಿ ಫಿಸ್ಟುಲಾ ಮಾಡಿಸಿಕೊಂಡ ಹುಡುಗನೊಬ್ಬ ಬಂದ. ಸೂಜಿ ಚುಚ್ಚಲು ಅನುಕೂಲವಾಗಲೆಂದು ಕೈಯೊಳಗೆ ಎರಡು ರಕ್ತನಾಳ ಕೂಡಿಸುತ್ತಾರಲ್ಲ, ಅದು. ಆ ಕೈಯನ್ನು ಟವೆಲಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ಕೂತಿದ್ದ. ಕೈ ಜೋಪಾನ ಎಂದಷ್ಟೇ ಹೇಳಿ ಕಳಿಸಿದ್ದರಂತೆ. ಇಂಡಿ ಕಡೆಯ ರೈತರೊಬ್ಬರು ಪಕ್ಕಕ್ಕೆ ಸರಿದು, ಟವೆಲು ಬಿಚ್ಚಿಸಿ, ಅವನದೇ ಇನ್ನೊಂದು ಕೈಯ ಬೆರಳು ಹಿಡಿದು ಆ ನರದ ಮೇಲೆ ಇಟ್ಟರು.

“ಝುಂ ಅಂತೈತಿಲ್ಲೋ? ಅದ ನಿನ್ನ ಜೀವ. ಮುಂಜಾನಿ ಎದ್ದ ಕೂಡ್ಲೇ ಮೊದಲ ಇದನ್ನ ಮುಟ್ಟಿ ನೋಡು. ಝುಂ ಅನ್ನೂದು ನಿಂತಿತ್ತಂದ್ರ ಚಾ ಸುದ್ದಾ ಕುಡೀಬ್ಯಾಡ, ಸೀದಾ ಇಲ್ಲಿಗೆ ಬಾ. ಈ ಕೈಗೆ ಬಿಪಿ ಪಟ್ಟಿ ಕಟ್ಟಗೊಡಬ್ಯಾಡ, ರಕ್ತ ತಗೀಗೊಡಬ್ಯಾಡ. ಚೀಲ ಹೊರಬ್ಯಾಡ. ಈ ಮಗ್ಗಲಾಗಿ ಮಲಗಬ್ಯಾಡ.”

ಹುಡುಗನ ಮುಖ ಸಡಿಲಾಯಿತು. ಅಷ್ಟರಲ್ಲಿ ಎದುರು ಕೂತ ಹೆಣ್ಣುಮಗಳು ನೀರಿನ ಲೆಕ್ಕ ಹೇಳಿಕೊಟ್ಟಳು. ಡಾಕ್ಟರು ದಿನಕ್ಕೆ ಬರೆದುಕೊಟ್ಟಷ್ಟು ನೀರನ್ನು ಬೆಳಿಗ್ಗೆಯೇ ಒಂದು ಬಾಟಲಿಗೆ ತುಂಬಿಡಬೇಕು. ಚಹಾ ಕುಡಿದರೆ ಅಷ್ಟು ನೀರನ್ನು ಬಾಟಲಿಯಿಂದ ಚೆಲ್ಲಬೇಕು, ಸಾರು ಉಂಡರೆ ಅಷ್ಟನ್ನು. ಬಾಟಲಿ ಖಾಲಿಯಾಯಿತೆಂದರೆ ಅವತ್ತಿನ ನೀರು ಮುಗಿಯಿತು. ವಿಜಯಪುರದ ಮೇ ತಿಂಗಳ ಬಿಸಿಲಲ್ಲಿ ಅದನ್ನು ಪಾಲಿಸಿದವಳ ಬಾಯಿಂದ ಕೇಳಿದ್ದು ಆ ಹುಡುಗನ ತಲೆಯಲ್ಲಿ ಉಳಿಯಿತು. ವೈದ್ಯರು ಇದೇ ಮಾತನ್ನು ಮಿಲಿಲೀಟರ್ ಲೆಕ್ಕದಲ್ಲಿ ಹೇಳಿದ್ದರು. ಅದು ತಪ್ಪಲ್ಲ, ಆದರೆ ಬಾಯಾರಿಕೆ ತಾಳಿಕೊಂಡವರು ಹೇಳುವ ಹದವೇ ಬೇರೆ.

ಈಗ ನಿಮ್ಮ ತಮ್ಮನ ವಿಚಾರಕ್ಕೆ ಬರುತ್ತೇನೆ. ಅಮೆರಿಕದಲ್ಲಿ ಪ್ರತಿ ಡಯಾಲಿಸಿಸ್ ಕೇಂದ್ರದಲ್ಲೂ ಸಮಾಜ ಕಾರ್ಯಕರ್ತರು ಮತ್ತು ಆಹಾರ ತಜ್ಞರು ಇರಲೇಬೇಕೆಂಬ ನಿಯಮವಿದೆ. ನಮ್ಮಲ್ಲೂ ಇದ್ದಿದ್ದರೆ ಎಂದು ಹಂಬಲಿಸುವಂಥ ನಿಯಮ. ಆದರೂ ಅಲ್ಲಿ ಕೊಡುವ ಪಥ್ಯದ ಹಾಳೆಯಲ್ಲಿ, ಬಿಡಬೇಕಾದ ತಿನಿಸುಗಳ ಸಾಲಿನಲ್ಲಿ ಕಿತ್ತಳೆ ರಸ ಇರುತ್ತದೆ, ಆಲೂಗಡ್ಡೆ ಇರುತ್ತದೆ. ಶೇಂಗಾ ಹಿಂಡಿ ಇರುತ್ತದೆಯೇ? ಎಳ್ಳ ಅಮಾವಾಸ್ಯೆಗೆ ಮನೆಯಲ್ಲಿ ಶೇಂಗಾ ಹೋಳಿಗೆ ಮಾಡಿದರೆ ಎಷ್ಟು ತಿನ್ನಬಹುದು, ಎಳನೀರು ಏಕೆ ಮುಟ್ಟಬಾರದು, ಕಾಯಿಪಲ್ಯವನ್ನು ಸಣ್ಣಗೆ ಹೆಚ್ಚಿ ಬಿಸಿನೀರಲ್ಲಿ ನೆನೆಸಿ ಆ ನೀರು ಬಸಿದರೆ, ಕೆಟ್ಟ ಕಿಡ್ನಿ ಹೊರಹಾಕಲಾರದ ಪೊಟ್ಯಾಶಿಯಂ ಎಂಬ ಲವಣ ಎಷ್ಟೋ ಇಳಿಯುತ್ತದೆ ಎಂಬುದನ್ನು ನಮ್ಮ ಅಡುಗೆ ಬಲ್ಲ ಇನ್ನೊಬ್ಬ ರೋಗಿಯೇ ಹೇಳಬೇಕು. ಒಂದು ಎಚ್ಚರಿಕೆಯನ್ನು ಇಲ್ಲೇ ಬರೆದುಬಿಡುತ್ತೇನೆ. ಸೋಡಿಯಂ ಕಡಿಮೆ ಇರುವ ಉಪ್ಪು ಒಳ್ಳೆಯದೆಂದು ನಮ್ಮವರು ಅಂಗಡಿಯಿಂದ ತರುತ್ತಾರೆ. ಅಂಥ ಉಪ್ಪಿನಲ್ಲಿ ಸೋಡಿಯಂ ಜಾಗಕ್ಕೆ ಹಾಕುವುದು ಬಹುಪಾಲು ಪೊಟ್ಯಾಶಿಯಂ ಕ್ಲೋರೈಡ್. ಕಿಡ್ನಿ ಕೆಟ್ಟವರಿಗೆ ಅದು ಹೃದಯವನ್ನೇ ನಿಲ್ಲಿಸಬಲ್ಲದು. ತಮ್ಮನ ಅಡುಗೆಮನೆಯಲ್ಲಿ ಯಾವ ಡಬ್ಬಿ ಇದೆ ಎಂದು ಇವತ್ತೇ ಕೇಳಿ.

ಹೊರದೇಶದಲ್ಲಿ ಈ ರೋಗ ಬಂದವರಿಗೆ ಮೈಯ ಕಷ್ಟದ ಮೇಲೆ ಕಾಗದದ ಕಷ್ಟವೂ ಇದೆ. ವಯಸ್ಸು ಎಷ್ಟೇ ಇರಲಿ, ಕಿಡ್ನಿ ಪೂರ್ತಿ ಕೆಟ್ಟವರ ಖರ್ಚನ್ನು ಮೆಡಿಕೇರ್ ಎಂಬ ಸರ್ಕಾರಿ ವಿಮೆ ಹೊರಬೇಕೆಂದು ಅಮೆರಿಕ 1972ರಲ್ಲೇ ಕಾನೂನು ಮಾಡಿತು. ದೊಡ್ಡ ಮನಸ್ಸಿನ ಕಾನೂನು. ಆದರೆ ಅದರ ಲಾಭ ಸಿಗಬೇಕಾದರೆ ಅಲ್ಲಿ ಇಂತಿಷ್ಟು ಕಾಲ ದುಡಿದು ತೆರಿಗೆ ಕಟ್ಟಿರಬೇಕು. ಬಡವರಿಗಿರುವ ಸರ್ಕಾರಿ ವಿಮೆ ಮೆಡಿಕೇಡ್ ಬೇಕೆಂದರೆ, 1996ರ ಕಾನೂನಿನ ಪ್ರಕಾರ ಹಸಿರು ಕಾರ್ಡು, ಅಂದರೆ ಅಲ್ಲೇ ಕಾಯಂ ನೆಲೆಸುವ ಪರವಾನಗಿ ಸಿಕ್ಕವರಲ್ಲೂ ಹೆಚ್ಚಿನವರು ಐದು ವರ್ಷ ಕಾಯಬೇಕು. ನೌಕರಿಗೆಂದು ಹೋದ ಎಚ್-1ಬಿ ವೀಸಾದವರು ಕೆಲಸ ಕಳೆದುಕೊಂಡರೆ ಬೇರೆ ಕೆಲಸ ಹಿಡಿಯಲು ಇಲ್ಲವೇ ದೇಶ ಬಿಡಲು ಸಿಗುವ ಗಡುವು ಹೆಚ್ಚೆಂದರೆ 60 ದಿನ. ಇಂಥದ್ದರಲ್ಲಿ ಯಾವ ಅರ್ಜಿ ಮೊದಲು, ವಿಮೆ ಕೈಬಿಟ್ಟರೆ ಮುಂದೇನು, ಪಾಳಿಯ ಕೆಲಸ ಬದಲಿಸಿಕೊಡಿ ಎಂದು ಮಾಲೀಕರನ್ನು ಹೇಗೆ ಕೇಳಬೇಕು ಎಂಬುದು ಆ ದಾರಿ ನಡೆದವರಿಗೆ ಗೊತ್ತು. ಗುಂಪು ಎಂದರೆ ಕೂತು ಅಳುವ ಜಾಗ ಎಂದು ನೀವು ತಿಳಿದಂತಿದೆ. ಅತ್ತರೂ ತಪ್ಪಿಲ್ಲ. ಆದರೆ ಅಲ್ಲಿ ನಡೆಯುವುದು ಹೆಚ್ಚಾಗಿ ಇಂಥ ಕೆಲಸದ ಮಾತು.

ಕಾಗದಪತ್ರವೇ ಇಲ್ಲದ ವಲಸಿಗರ ಪಾಡು ಓದಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಅವರಿಗೆ ವಾರಕ್ಕೆ ಮೂರು ಸಲದ ಡಯಾಲಿಸಿಸ್ ಇಲ್ಲ. ಉಸಿರು ಕಟ್ಟಿ, ಪೊಟ್ಯಾಶಿಯಂ ಏರಿ, ಸಾಯುವ ಸ್ಥಿತಿಗೆ ಬಂದಾಗ ಮಾತ್ರ ತುರ್ತು ವಿಭಾಗದಲ್ಲಿ ಯಂತ್ರಕ್ಕೆ ಹಚ್ಚುತ್ತಾರೆ. ಡೆನ್ವರ್‌ನ ವೈದ್ಯೆ ಲಿಲಿಯಾ ಸರ್ವಾಂಟೆಸ್ ಮತ್ತು ಸಂಗಡಿಗರು ಲೆಕ್ಕ ಹಾಕಿದಾಗ, ಹೀಗೆ ತುರ್ತಿಗಷ್ಟೇ ಡಯಾಲಿಸಿಸ್ ಸಿಕ್ಕವರಲ್ಲಿ ಐದು ವರ್ಷದೊಳಗೆ ಸಾಯುವ ಅಪಾಯ ಕ್ರಮವಾಗಿ ಡಯಾಲಿಸಿಸ್ ಸಿಕ್ಕವರಿಗಿಂತ ಸುಮಾರು 14 ಪಟ್ಟು ಹೆಚ್ಚಿತ್ತು. ಕೊಲೊರಾಡೊ ರಾಜ್ಯ 2019ರಲ್ಲಿ ನಿಯಮ ಬದಲಿಸಿ ಅವರಿಗೂ ಕ್ರಮದ ಚಿಕಿತ್ಸೆ ಕೊಟ್ಟಿತು. ಇನ್ನೊಂದು ಸಂಗತಿಯನ್ನೂ ಹೇಳಲೇಬೇಕು. ಡಯಾಲಿಸಿಸ್ ಯಂತ್ರವನ್ನು 1943ರಲ್ಲಿ, ನಾಜಿಗಳು ಆಕ್ರಮಿಸಿದ ಹಾಲೆಂಡಿನಲ್ಲಿ ಕಟ್ಟಿದ ವೈದ್ಯ ವಿಲ್ಲೆಂ ಕೋಲ್ಫ್, 1950ರಲ್ಲಿ ತಾನೇ ಅಮೆರಿಕಕ್ಕೆ ವಲಸೆ ಹೋದವನು. ಒಬ್ಬ ವಲಸಿಗನ ಯಂತ್ರ ಇನ್ನೊಬ್ಬ ವಲಸಿಗನಿಗೆ ಸಿಗಲು ಕಾಗದ ಅಡ್ಡ ಬರಬೇಕೇ?

ನಮ್ಮ ನಾಡಿಗೆ ಈ ಕೂಡುವಿಕೆ ಹೊಸದಲ್ಲ ಎಂದು ಮಾಸ್ತರರಿಗೆ ನೆನಪಿಸುತ್ತೇನೆ. ಸಾಲದ ಶೂಲಕ್ಕೆ ಸಿಕ್ಕ ರೈತರು ಸಾಹುಕಾರನ ಬಾಗಿಲಿಗೆ ಹೋಗುವುದನ್ನು ಬಿಟ್ಟು, ತಮ್ಮ ತಮ್ಮಲ್ಲೇ ಕೂಡಿ 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದರು. ಅದಾದ ಏಳು ವರ್ಷಕ್ಕೆ ನಮ್ಮ ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು ಸಿದ್ಧೇಶ್ವರ ಬ್ಯಾಂಕಿಗೆ ಬುನಾದಿ ಹಾಕಿದರು. ಕಷ್ಟದಲ್ಲಿದ್ದವರು ಕಷ್ಟದಲ್ಲಿದ್ದವರಿಗೆ ಜಾಮೀನು ನಿಂತರು. ಆಗ ಯಾರೂ ‘ಸಾಲಗಾರ ಸಾಲಗಾರನಿಗೆ ಏನು ಮಾಡಿಯಾನು’ ಎಂದು ಕೈಕಟ್ಟಿ ಕೂರಲಿಲ್ಲ. ಸಾಲಕ್ಕೆ ಒದಗಿದ ಬುದ್ಧಿ ರೋಗಕ್ಕೇಕೆ ಒದಗಬಾರದು?

ಒದಗದಂತೆ ತಡೆದದ್ದು ಮುಚ್ಚಿಡುವ ಚಾಳಿ. ನಿಮ್ಮನ್ನು ಬಯ್ಯುವುದಿಲ್ಲ, ನೀವು ಮಗಳ ಮದುವೆಯ ಬಗ್ಗೆ ಬರೆದದ್ದು ನಮ್ಮ ಮನೆ ಮನೆಯ ಮಾತು. ಬೀಗರಿಗೆ ಗೊತ್ತಾಗಬಾರದೆಂದು ಗಂಡಸರು ವರ್ಷಗಟ್ಟಲೆ ಬಿಪಿ ಗುಳಿಗೆಯನ್ನೇ ನುಂಗದೆ ಇರುವುದನ್ನು ನಾನು ಬಲ್ಲೆ. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡವೇ ಕಿಡ್ನಿ ಕೆಡಲು ಎಲ್ಲಕ್ಕಿಂತ ದೊಡ್ಡ ಕಾರಣ, ಎರಡೂ ಮುಚ್ಚಿಟ್ಟಷ್ಟೂ ಬೆಳೆಯುವಂಥವು. ಅಮೆರಿಕದ ಕನ್ನಡ ಬಳಗಗಳಲ್ಲಿ ಯಾರಾದರೂ ಗುರುತಿಸಿಯಾರು ಎಂಬ ಅಳುಕು ತಮ್ಮನಿಗಿದ್ದರೆ, ಬೇರೆ ದೇಶಗಳಿಂದ ಬಂದವರ ಈ ಗುಂಪೇ ಅವರಿಗೆ ಅನುಕೂಲ. ಅಲ್ಲಿ ಬೀಗರು ಬರುವುದಿಲ್ಲ. ಮುಖ ತೋರಿಸುವುದೇ ಬೇಡ ಎಂದರೆ, ಅಲ್ಲಿನ ನ್ಯಾಷನಲ್ ಕಿಡ್ನಿ ಫೌಂಡೇಶನ್ ಫೋನಿನಲ್ಲೇ ಒಬ್ಬ ಅನುಭವಸ್ಥ ರೋಗಿಯನ್ನು ಜೊತೆ ಮಾಡಿಕೊಡುತ್ತದೆ.

ಇಷ್ಟು ಬರೆಯುವಾಗ ನನ್ನ ಕಣ್ಣ ಮುಂದೆ ಅಮೆರಿಕಕ್ಕಿಂತ ಹತ್ತಿರದವರೇ ಬಂದು ನಿಲ್ಲುತ್ತಾರೆ. ನಮ್ಮ ವಿಜಯಪುರ, ಬಾಗಲಕೋಟೆ ಎರಡೂ ಜಿಲ್ಲೆಗಳಿಂದ ಗೋವಾಕ್ಕೆ, ಪುಣೆಗೆ, ಮುಂಬೈಗೆ ಗುಳೆ ಹೋದವರು. ಅವರು ಗಡಿ ದಾಟಿದ್ದಾರೆ, ಭಾಷೆ ದಾಟಿದ್ದಾರೆ, ಅವರಿಗೂ ಕಿಡ್ನಿ ಕೆಡುತ್ತದೆ. ಗೋವಾ ಸರ್ಕಾರದ ಆರೋಗ್ಯ ಯೋಜನೆಗೆ ಅಲ್ಲಿ ಐದು ವರ್ಷ ನೆಲೆಸಿದ ಪುರಾವೆ ಬೇಕು. ಪತ್ರಾಸಿನ ಶೆಡ್ಡಿನಲ್ಲಿ ಇರುವವನು ಯಾವ ಪುರಾವೆ ತಂದಾನು? ಊರಿಗೆ ಮರಳಿದರೆ ಡಯಾಲಿಸಿಸ್ ಸಿಗುತ್ತದೆ, ಕೂಲಿ ಸಿಗುವುದಿಲ್ಲ. ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲೇ ಉಚಿತ ಡಯಾಲಿಸಿಸ್ ಕೊಡುವ ಕೇಂದ್ರದ ಯೋಜನೆ 2016ರಲ್ಲಿ ಬಂತು, ಅದರಿಂದ ಉಳಿದ ಜೀವಗಳು ಬಹಳ. ಆದರೆ ನಮ್ಮವರು ಯಂತ್ರ ಎಣಿಸುತ್ತಾರೆ, ಆ ಯಂತ್ರದ ಪಕ್ಕ ನಾಲ್ಕು ತಾಸು ಒಂಟಿಯಾಗಿ ಮಲಗುವವನ ಜೊತೆ ಮಾತಾಡಲು ಒಬ್ಬರನ್ನು ನೇಮಿಸುವುದಿಲ್ಲ. ಬಾಕಿನ ಮೇಲೆ ಇಂಡಿಯ ರೈತರು ಮಾಡಿದ ಕೆಲಸಕ್ಕೆ ಆಸ್ಪತ್ರೆ ಒಂದು ಕೋಣೆ, ಒಂದು ಫ್ಯಾನು, ತಿಂಗಳಿಗೊಂದು ತಾಸು ಕೊಟ್ಟರೆ ಸಾಕು.

ಕಬ್ಬಿನ ಮಾತನ್ನೂ ಸೇರಿಸುತ್ತೇನೆ, ಮುಧೋಳ, ಜಮಖಂಡಿ, ಅಥಣಿ ಕಡೆಯ ಓದುಗರು ಗಮನವಿಟ್ಟು ಓದಬೇಕು. ಎಲ್ ಸಾಲ್ವಡಾರ್, ನಿಕರಾಗುವಾ ದೇಶಗಳಲ್ಲಿ ಸಕ್ಕರೆ ಕಾಯಿಲೆಯೂ ಬಿಪಿಯೂ ಇಲ್ಲದ, ಹರೆಯದ ಕಬ್ಬಿನ ಕೂಲಿಗಳಿಗೆ ಕಿಡ್ನಿ ಕೆಟ್ಟಿತು. ಉರಿಬಿಸಿಲಲ್ಲಿ ನೀರಿಲ್ಲದೆ, ಪುರಸೊತ್ತಿಲ್ಲದೆ ದುಡಿದದ್ದು ಒಂದು ಮುಖ್ಯ ಕಾರಣವೆಂದು ಸಂಶೋಧಕರು ನಂಬುತ್ತಾರೆ. ಅದು ಬೆಳಕಿಗೆ ಬರುವಲ್ಲಿ ರೋಗಿಗಳ ಪಾಲು ದೊಡ್ಡದು. ನಿಕರಾಗುವಾದ ಚಿಚಿಗಾಲ್ಪಾದಲ್ಲಿ ಕಾಯಿಲೆಬಿದ್ದ ಕೂಲಿಗಳೇ ಸಂಘ ಕಟ್ಟಿ, ಸಕ್ಕರೆ ಕಾರ್ಖಾನೆಗೆ ಸಾಲ ಕೊಟ್ಟ ವಿಶ್ವಬ್ಯಾಂಕ್ ಬಳಗದ ಸಂಸ್ಥೆಯ ಮೇಲೆ 2008ರಲ್ಲಿ ದೂರು ಹಾಕಿದರು. ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಬಂದು ಪರೀಕ್ಷಿಸುವಂತಾಯಿತು. ನೀರು, ನೆರಳು, ವಿಶ್ರಾಂತಿ ಕೊಡಿ ಎಂಬ ಬೇಡಿಕೆ ಇವತ್ತು ಅಲ್ಲಿನ ಗದ್ದೆಗಳಲ್ಲಿ ಕೇಳುತ್ತದೆ. ನಮ್ಮ ಕಬ್ಬಿನ ಗದ್ದೆಗೆ ಗಡಿಯಾಚೆಯಿಂದ ಬರುವ ಗ್ಯಾಂಗಿನವರ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿಯ ಸ್ಥಿತಿ ತಿಳಿಸುವ ಅಂಶ) ಎಷ್ಟಿದೆ ಎಂದು ಯಾವ ಕಾರ್ಖಾನೆ ನೋಡಿಸಿದೆ, ನನಗೆ ಬರೆದು ತಿಳಿಸಿ. ಸಂತೋಷದಿಂದ ಅಚ್ಚು ಹಾಕುತ್ತೇನೆ.

ಮಾಸ್ತರರೇ, ಪತ್ರದ ಕೊನೆಗೆ ಸಣ್ಣಕ್ಷರದಲ್ಲಿ ಒಂದು ಸಾಲು ಸೇರಿಸಿದ್ದೀರಿ, ‘ನನ್ನದೊಂದು ಕಿಡ್ನಿ ಕೊಡಬಹುದೇ’ ಎಂದು. ಅದನ್ನು ಓದಿ ಸುಮ್ಮನೆ ಕೂತುಬಿಟ್ಟೆ. ಅಂಥ ಅಣ್ಣ ಸಿಕ್ಕ ತಮ್ಮ ಪುಣ್ಯವಂತ. ಮೊದಲು ನಿಮ್ಮ ರಕ್ತದ ಗುಂಪು, ಸಕ್ಕರೆ, ಬಿಪಿ ಇಲ್ಲೇ ಪರೀಕ್ಷೆ ಮಾಡಿಸಿ. ಅಮೆರಿಕದಲ್ಲಿ ಕಿಡ್ನಿ ಕೊಡುವವರ ತಪಾಸಣೆ, ಶಸ್ತ್ರಕ್ರಿಯೆಯ ಖರ್ಚು ಸಾಮಾನ್ಯವಾಗಿ ಪಡೆಯುವವರ ವಿಮೆಗೆ ಸೇರುತ್ತದೆ, ವೀಸಾ ಮತ್ತು ವಿಮಾನದ ಖರ್ಚು ಸೇರುವುದಿಲ್ಲ. ಉಳಿದದ್ದನ್ನು, ಅಂದರೆ ಗಾಯ ಎಷ್ಟು ದಿನ ನೋಯುತ್ತದೆ, ವೀಸಾ ಸಂದರ್ಶನದಲ್ಲಿ ಏನೇನು ಕಾಗದ ಕೇಳುತ್ತಾರೆ, ಊರಿಗೆ ಮರಳಿದ ಮೇಲೆ ಯಾವ ಯಾವ ತಪಾಸಣೆ ಮಾಡಿಸಬೇಕು ಎಂಬುದನ್ನು, ತನ್ನ ಅಣ್ಣನಿಂದಲೋ ತಂಗಿಯಿಂದಲೋ ಕಿಡ್ನಿ ಪಡೆದವರು ಆ ಗುಂಪಿನಲ್ಲಿದ್ದರೆ ಅವರಿಂದ ಕೇಳಿ ತಿಳಿಯಲು ತಮ್ಮನಿಗೆ ಹೇಳಿ. ಮುಂದಿನ ತಿಂಗಳ ಸಭೆಗೇ ಹೋಗಲಿ.