20 ಟನ್ ಹಿಟಾಚಿ ಬಿಸಿಯಾದ ಮೇಲೆ ಸ್ವಿಂಗ್ ಸುಸ್ತು: ಹೊಸ ಮೋಟರ್ ಹಾಕಿಸೋದಾ, ರೀಕಂಡಿಷನ್ ಸಾಕಾ?

ಸದ್ಯಕ್ಕೆ ಎರಡೂ ಬೇಡ. ಸ್ವಿಂಗ್ ಅಂದ್ರೆ ಮಷಿನ್ ಮೇಲ್ಭಾಗ ಎಡಬಲ ತಿರುಗೋದು, ಅದನ್ನು ತಿರುಗಿಸೋದೇ ಸ್ವಿಂಗ್ ಮೋಟರ್. ಬೆಳಿಗ್ಗೆ ಸಲೀಸಾಗಿ ತಿರುಗುವ ಮಷಿನ್ ಹನ್ನೊಂದು ಗಂಟೆ ಹೊತ್ತಿಗೆ ಎಡಕ್ಕೂ ಬಲಕ್ಕೂ ನಿಧಾನ, ಏರಿ ಮೇಲೆ ನಿಂತು ಹೂಳು ತುಂಬಿದ ಬಕೆಟ್ ತಿರುಗಿಸುವಾಗ ತಿಣುಕುತ್ತೆ, ಬೂಮ್, ಆರ್ಮ್, ಟ್ರಾವೆಲ್ ಎಲ್ಲ ಸರಿ ಇದೆ ಅಂದಿದ್ದೀರಿ. ನಾಲೆಗೆ ನೀರು ನಿಲ್ಲಿಸಿ ಹೂಳೆತ್ತುವ ಕೆಲಸ ಶುರುವಾದರೆ ಸಾಕು, ಮದ್ದೂರಿಂದ ಶ್ರೀರಂಗಪಟ್ಟಣದವರೆಗೂ ಕೇಳಿಬರೋ ದೂರು ಇದು. ಮೋಟರ್ ಹೋಗಿದೆ ಅಂತ ನಿಮ್ಮ ಮೆಕ್ಯಾನಿಕ್ ತೀರ್ಮಾನ ಮಾಡಿದ್ದು ಯಾವ ಗೇಜ್ ನೋಡಿ ಅಂತ ಮೊದಲು ಕೇಳಿ.

ಪಾಂಡವಪುರದ ಕಡೆ ಒಂದು ಮಷಿನ್ ಇದೇ ದಾರಿ ಹಿಡಿದಿತ್ತು. ಮೊದಲು ಸ್ವಿಂಗ್ ರಿಲೀಫ್ ಸ್ಕ್ರೂ (ಆಯಿಲ್ ಒತ್ತಡ ಎಷ್ಟಕ್ಕೆ ನಿಲ್ಲಬೇಕು ಅಂತ ಸೆಟ್ ಮಾಡೋದು) ಬಿಗಿ ಮಾಡಿದರು. ಏನೂ ಬದಲಾಗಲಿಲ್ಲ. ಆಮೇಲೆ ಮೋಟರ್ ಇಳಿಸಿ ರೀಕಂಡಿಷನ್ ಮೋಟರ್ ಕೂರಿಸಿದರು. ಆಯಿಲ್ ಬಿಸಿಯಾದ ಕೂಡಲೇ ಅದೇ ಸುಸ್ತು. ಇನ್ನು ಪಂಪೇ ಇರಬೇಕು ಅಂತ ಪಂಪ್ ಬಿಚ್ಚೋಕೆ ಹೊರಟಾಗ ಬ್ರೇಕ್ ಪೋರ್ಟ್‌ಗೆ ಗೇಜ್ ಬಿತ್ತು. 40 ಬಾರ್ ಬರಬೇಕಾದ ಕಡೆ ಬಿಸಿಯಲ್ಲಿ 15 ಬಾರ್ ತೋರಿಸ್ತು. ಬ್ರೇಕ್ ಬಿಡಿಸುವ ಸೊಲೆನಾಯ್ಡ್‌ನ (ಕರೆಂಟ್‌ನಿಂದ ತೆರೆಯುವ ವಾಲ್ವ್) ಕನೆಕ್ಟರ್ ಒಳಗೆ ಕೆಸರು ನೀರು ಹೋಗಿ ಪಿನ್ನಿಗೆ ಹಸಿರು ಕಿಲುಬು ಹಿಡಿದಿತ್ತು. ಅಷ್ಟೇ ಕಾಯಿಲೆ.

ಈ ಬ್ರೇಕ್ ವಿಷಯ ಸರಿಯಾಗಿ ಅರ್ಥ ಮಾಡಿಕೊಳ್ಳಿ, ಯಾಕಂದ್ರೆ ದುಡ್ಡು ಹೋಗೋದು ಇಲ್ಲೇ. ಸ್ವಿಂಗ್ ಪಾರ್ಕಿಂಗ್ ಬ್ರೇಕ್ ಮೋಟರ್ ಒಳಗೇ ಇರುತ್ತೆ. ಫ್ರಿಕ್ಷನ್ ಪ್ಲೇಟು, ಸ್ಟೀಲ್ ಪ್ಲೇಟು ಒಂದರ ಮೇಲೊಂದು, ಅವನ್ನು ಅದುಮಿ ಹಿಡಿಯೋದು ಸ್ಪ್ರಿಂಗ್. ಅಂದ್ರೆ ಬ್ರೇಕ್ ಹಿಡಿಯೋಕೆ ಆಯಿಲ್ ಬೇಕಿಲ್ಲ, ಬಿಡೋಕೆ ಬೇಕು. ಲಿವರ್ ಎಳೆದಾಗ ಪೈಲಟ್ ಆಯಿಲ್ (ವಾಲ್ವ್‌ಗಳನ್ನು ಆಡಿಸುವ ಕಡಿಮೆ ಒತ್ತಡದ ಆಯಿಲ್) ಬಂದು ಬ್ರೇಕ್ ಪಿಸ್ಟನ್ನನ್ನು ಸ್ಪ್ರಿಂಗ್‌ಗೆ ವಿರುದ್ಧ ಎತ್ತುತ್ತೆ. ಪೈಲಟ್ ಒತ್ತಡ ಸಾಮಾನ್ಯವಾಗಿ 30ರಿಂದ 40 ಬಾರ್. ಅದರಲ್ಲಿ ಅರ್ಧವೇ ತಲುಪಿದರೆ ಪ್ಲೇಟುಗಳು ಪೂರ್ತಿ ಬಿಡೋದಿಲ್ಲ, ಉಜ್ಜುತ್ತಲೇ ತಿರುಗುತ್ತವೆ. ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿಸದೆ ಗಾಡಿ ಓಡಿಸಿದ ಹಾಗೆ. ಮೋಟರ್‌ಗೆ ಶಕ್ತಿ ಇರೋದರಿಂದ ಮಷಿನ್ ನಿಲ್ಲೋದಿಲ್ಲ, ನಿಧಾನವಾಗುತ್ತೆ ಅಷ್ಟೇ. ಉಜ್ಜಿದ ಪುಡಿ ಮೋಟರ್ ಕೇಸಿನ ಆಯಿಲ್‌ಗೆ ಸೇರಿ ಪಿಸ್ಟನ್ ಶೂ, ವಾಲ್ವ್ ಪ್ಲೇಟ್ ಗೀರುತ್ತೆ. ಬಿಚ್ಚಿ ನೋಡಿದವರಿಗೆ ಸವೆದ ಮೋಟರ್ ಕಾಣುತ್ತೆ, "ನೋಡಿ, ಮೋಟರೇ" ಅಂತಾರೆ. ಆದರೆ ಅಲ್ಲಿ ಮೋಟರ್ ಸವೆದಿರೋದು ಬ್ರೇಕ್ ದೆಸೆಯಿಂದ. ಹೊಸ ಮೋಟರ್ ಜೊತೆ ಹೊಸ ಪ್ಲೇಟು, ಹೊಸ ಸ್ಪ್ರಿಂಗ್ ಬರುತ್ತೆ. ಅದೇ ಅರೆಬರೆ ಒತ್ತಡದಲ್ಲಿ ಅವೂ ಸುಡುತ್ತವೆ.

ಬಿಸಿಯಾದ ಮೇಲೇ ಯಾಕೆ? ಕಾಯಿಲ್ ಕಾದಷ್ಟೂ ಅದರ ರೆಸಿಸ್ಟೆನ್ಸ್ ಏರುತ್ತೆ, ಕರೆಂಟ್ ಇಳಿಯುತ್ತೆ. ಕಿಲುಬಿನಿಂದ 24 ವೋಲ್ಟ್ ಪೂರ್ತಿ ಬರದೇ ಇದ್ದರೆ ಸ್ಪೂಲ್ (ವಾಲ್ವ್ ಒಳಗೆ ಸರಿದು ಆಯಿಲ್ ದಾರಿ ತೆರೆಯುವ ಕಡ್ಡಿ) ಪೂರ್ತಿ ಸರಿಯೋದಿಲ್ಲ. ಸೊಲೆನಾಯ್ಡ್ ಇಲ್ಲದೆ ಬರೀ ಪೈಲಟ್ ಸಿಗ್ನಲ್‌ನಿಂದ ಬ್ರೇಕ್ ಬಿಡುವ ಮಾಡೆಲ್‌ಗಳೂ ಇವೆ. ಅಲ್ಲಿ ಬ್ರೇಕ್ ಪಿಸ್ಟನ್ ಸೀಲ್ ಅಥವಾ ಸಿಗ್ನಲ್ ಸ್ಪೂಲ್ ಸವೆದು, ಆಯಿಲ್ ತೆಳ್ಳಗಾದಾಗ ಒತ್ತಡ ಸೋರಿಹೋಗುತ್ತೆ. ಎರಡರಲ್ಲೂ ತಣ್ಣಗಿರುವಾಗ ತೆಗೆದ ರೀಡಿಂಗ್‌ಗೆ ಬೆಲೆ ಇಲ್ಲ.

ಹಾಗಾಗಿ ಮೊದಲ ಕೆಲಸ ಇದು. ಸಮತಟ್ಟು ಜಾಗ, ಬಕೆಟ್ ನೆಲಕ್ಕೆ, ಎಂಜಿನ್ ಆಫ್, ಕೀ ಆನ್ ಇಟ್ಟು ಲಿವರ್ ಆಡಿಸಿ ಲೈನ್ ಒತ್ತಡ ಇಳಿಸಿ, ಟ್ಯಾಂಕ್ ಬ್ರೀದರ್‌ನಿಂದ ಒಳಗಿನ ಗಾಳಿ ಒತ್ತಡ ಬಿಡಿ. ಇಳಿಜಾರಲ್ಲಿ ಈ ಕೆಲಸ ಬೇಡವೇ ಬೇಡ, ಬ್ರೇಕ್ ಬಿಟ್ಟರೆ ಮೇಲ್ಭಾಗ ತಾನಾಗೇ ತಿರುಗುತ್ತೆ. ಮೋಟರ್‌ನ ಬ್ರೇಕ್ ಬಿಡಿಸುವ ಹೋಸ್‌ಗೆ ಟಿ ಹಾಕಿ 0–60 ಬಾರ್ ಗೇಜ್ ಕೂರಿಸಿ. ಆಯಿಲ್ ಕಾದ ಮೇಲೆ ಸ್ವಿಂಗ್ ಕೊಡಿ. ಪೈಲಟ್ ಮೇನ್ ಒತ್ತಡ ಎಷ್ಟಿದೆಯೋ ಹೆಚ್ಚುಕಡಿಮೆ ಅಷ್ಟೇ ಇಲ್ಲೂ ಬರಬೇಕು. ಬಾರದಿದ್ದರೆ, ಸೊಲೆನಾಯ್ಡ್ ಇರುವ ಮಾಡೆಲ್ ಆದರೆ ಕನೆಕ್ಟರ್ ಬಿಚ್ಚಿ ನೋಡಿ, ಮಲ್ಟಿಮೀಟರ್‌ನಲ್ಲಿ ವೋಲ್ಟೇಜ್ ನೋಡಿ.

ಅಲ್ಲಿ ಸರಿ ಬಂದರೆ ಮುಂದಕ್ಕೆ. ವೇಗ ಬೇರೆ, ಬಲ ಬೇರೆ. ವೇಗ ಕೊಡೋದು ಆಯಿಲ್ ಹರಿವು, ಬಲ ಕೊಡೋದು ಒತ್ತಡ. ರಿಲೀಫ್ ಸ್ಕ್ರೂ ಬಿಗಿ ಮಾಡಿದರೆ ಖಾಲಿ ಬಕೆಟ್ಟಿನ ವೇಗ ಹೆಚ್ಚೋದಿಲ್ಲ, ಮೇಲ್ಭಾಗ ತಿರುಗಿಸುವ ಪಿನಿಯನ್ ಗೇರಿನ ಹಲ್ಲು ಮುರಿಯೋ ಅಪಾಯ ಇದೆ. ನಿಮ್ಮ ಮೆಕ್ಯಾನಿಕ್ ಈಗಾಗಲೇ ಅದನ್ನು ಮುಟ್ಟಿದ್ದರೆ ಹಳೇ ಸೆಟ್ಟಿಂಗ್‌ಗೆ ತರಿಸಿ.

ವೇಗ ಅಳೆಯೋಕೆ: ಆಯಿಲ್ 50 ಡಿಗ್ರಿ ಆಸುಪಾಸು, ಎಂಜಿನ್ ಫುಲ್, ಖಾಲಿ ಬಕೆಟ್ ಒಳಕ್ಕೆ ಮಡಿಚಿ, ಆರ್ಮ್ ಹೊರಕ್ಕೆ ಚಾಚಿ, ಬಕೆಟ್ ಪಿನ್ ಬೂಮ್ ಬುಡದ ಪಿನ್ ಎತ್ತರಕ್ಕೆ ಇರಲಿ. ಒಂದು ಸುತ್ತು ವೇಗ ಹಿಡಿಯೋಕೆ ಬಿಡಿ, ಆಮೇಲಿನ ಮೂರು ಸುತ್ತಿಗೆ ಟೈಮ್ ನೋಡಿ. 20 ಟನ್ ಮಷಿನ್ ನಿಮಿಷಕ್ಕೆ ಸುಮಾರು 12–13 ಸುತ್ತು ಹಾಕುತ್ತೆ, ಅಂದ್ರೆ ಮೂರು ಸುತ್ತಿಗೆ 14–15 ಸೆಕೆಂಡ್. ಎಡ, ಬಲ ಬೇರೆ ಬೇರೆ ಬರೆದಿಡಿ. ತೆಂಗಿನ ಮರ, ಕರೆಂಟ್ ತಂತಿ ಹತ್ತಿರ ಈ ಪರೀಕ್ಷೆ ಮಾಡಬೇಡಿ.

ಪಂಪ್ ಬಗ್ಗೆ ಚಿಂತೆ ಬಿಡಿ. ಬಹುತೇಕ ಹಿಟಾಚಿ ಮಾದರಿಗಳಲ್ಲಿ ಸ್ವಿಂಗ್‌ಗೆ ಆಯಿಲ್ ಕೊಡುವ ಪಂಪೇ ಆರ್ಮ್‌ಗೂ ಎಡ ಟ್ರಾವೆಲ್‌ಗೂ ಕೊಡೋದು. ಆ ಪಂಪ್ ಸೋತಿದ್ದರೆ ಮಷಿನ್ ನೇರ ಓಡದೆ ಎಡಕ್ಕೆ ವಾಲುತ್ತಿತ್ತು. ಹಾಗೇ ಸೆಂಟರ್ ಜಾಯಿಂಟ್ (ಮೇಲ್ಭಾಗದಿಂದ ಕೆಳಗಿನ ಟ್ರಾವೆಲ್ ಮೋಟರ್‌ಗಳಿಗೆ ಆಯಿಲ್ ದಾಟಿಸೋದು) ಸೀಲ್ ಹಾಕಿಸಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಸ್ವಿಂಗ್ ಮೋಟರ್ ಮೇಲ್ಭಾಗದಲ್ಲೇ ಇದೆ, ಅದರ ಆಯಿಲ್ ಸೆಂಟರ್ ಜಾಯಿಂಟ್ ದಾಟೋದೇ ಇಲ್ಲ.

ಇನ್ನು ಸ್ವಿಂಗ್ ಒತ್ತಡ. 0–600 ಬಾರ್ ಗೇಜ್ ಬೇಕು, ಹೋಸೂ ಅಷ್ಟಕ್ಕೆ ತಕ್ಕದ್ದಿರಲಿ. ಎರಡು ರೀಡಿಂಗ್ ತಗೊಳ್ಳಿ. ಒಂದು, ಆರಾಮಾಗಿ ಸುತ್ತುತ್ತಿರುವಾಗ. ಇನ್ನೊಂದು, ಬಕೆಟ್ ಗಟ್ಟಿ ಗುಂಡಿಯ ಪಕ್ಕದ ಗೋಡೆಗೆ ಒತ್ತಿ, ತಿರುಗದ ಹಾಗೆ ಮಾಡಿ, ಲಿವರ್ ಪೂರ್ತಿ ಎಳೆದಾಗ. ಐದು ಸೆಕೆಂಡ್ ಸಾಕು. ಈ ಎರಡನೇದು ರಿಲೀಫ್ ಒತ್ತಡ, 20 ಟನ್ ವರ್ಗದಲ್ಲಿ ಕಂಪನಿಗೆ ತಕ್ಕಂತೆ ಸುಮಾರು 280ರಿಂದ 330 ಬಾರ್. ನಿಮ್ಮ ಮಾಡೆಲ್ ಪುಸ್ತಕದ ಅಂಕಿಯೇ ಕೊನೆ. ವೇಗ ಹಿಡಿದ ಮೇಲೆ, ಸಮತಟ್ಟಲ್ಲಿ ಸುತ್ತುವಾಗ ಒತ್ತಡ ಇದಕ್ಕಿಂತ ಬಹಳ ಕೆಳಗಿರಬೇಕು. ಆಗಲೂ ರಿಲೀಫ್ ಹತ್ತಿರವೇ ನಿಂತಿದ್ದರೆ ಏನೋ ಹಿಡಿಯುತ್ತಿದೆ: ಬ್ರೇಕ್, ಗೇರ್‌ಬಾಕ್ಸ್, ಇಲ್ಲವೇ ಸ್ವಿಂಗ್ ಬೇರಿಂಗ್. ಒತ್ತಡ ಕಮ್ಮಿ, ವೇಗವೂ ಕಮ್ಮಿ ಅಂದ್ರೆ ಆಯಿಲ್ ಎಲ್ಲೋ ಸೋರುತ್ತಿದೆ.

ಒಂದೇ ಕಡೆ ಬಲ ಕಮ್ಮಿ ಇದ್ದಿದ್ದರೆ ಎಡ ಬಲ ರಿಲೀಫ್ ವಾಲ್ವ್ ಅದಲು ಬದಲು ಮಾಡಿ ನೋಡಿ ಅಂತಿದ್ದೆ. ಕಾಯಿಲೆ ಆಚೆ ಬದಿಗೆ ಹೋದರೆ ವಾಲ್ವ್ ಕೆಟ್ಟಿದೆ, ಹೋಗದಿದ್ದರೆ ಮೇಕಪ್ ಚೆಕ್ ವಾಲ್ವ್ (ಮೋಟರ್‌ಗೆ ಆಯಿಲ್ ಕಮ್ಮಿಯಾದಾಗ ತುಂಬಿಕೊಡೋದು) ಅಥವಾ ಆ ಬದಿಯ ಪೈಲಟ್ ಲೈನ್. ನಿಮ್ಮದು ಎರಡೂ ಕಡೆ ಇರೋದರಿಂದ ನೇರವಾಗಿ ಡ್ರೈನ್ ಪರೀಕ್ಷೆ, ಅಂದ್ರೆ ಮೋಟರ್ ಒಳಗೇ ಸೋರಿ ಟ್ಯಾಂಕಿಗೆ ವಾಪಸ್ ಹೋಗೋ ಆಯಿಲ್ ಅಳೆಯೋದು. ಮೋಟರ್‌ನ ಡ್ರೈನ್ ಹೋಸ್ ಬಿಚ್ಚಿ, ಟ್ಯಾಂಕ್ ಕಡೆಯ ಬಾಯಿ ಮುಚ್ಚಿ, ಮೋಟರ್ ಕಡೆಯದನ್ನು ಕ್ಯಾನ್‌ಗೆ ಬಿಡಿ. ಮೋಟರ್ ಕಡೆ ಮುಚ್ಚಿದರೆ ಶಾಫ್ಟ್ ಸೀಲ್ ಹಾರಿಹೋಗುತ್ತೆ, ಜೋಪಾನ. ಬಕೆಟ್ ಒತ್ತಿಹಿಡಿದು 30 ಸೆಕೆಂಡ್ ಆಯಿಲ್ ಅಳೆದು ಎರಡರಿಂದ ಗುಣಿಸಿ. ನಿಮಿಷಕ್ಕೆ ಸುಮಾರು 5 ಲೀಟರ್ ಒಳಗಿದ್ದರೆ ಮೋಟರ್ ಚೆನ್ನಾಗಿದೆ, ಇಲ್ಲೂ ಮಾಡೆಲ್ ಪುಸ್ತಕದ ಅಂಕಿಯೇ ಕೊನೆ. 10 ದಾಟಿದರೆ ಮಾತ್ರ ಮೋಟರ್ ಇಳಿಸುವ ಮಾತು.

ನಾಲೆ ಕೆಲಸದ ಮಷಿನ್ ಆದ್ದರಿಂದ ಸ್ವಿಂಗ್ ಬೇರಿಂಗ್‌ನ ಗ್ರೀಸ್ ತೊಟ್ಟಿ ಮುಚ್ಚಳ ತೆಗೆದು ನೋಡಿ. ಗ್ರೀಸ್ ಮಜ್ಜಿಗೆ ಬಣ್ಣಕ್ಕೆ ತಿರುಗಿದ್ದರೆ ನೀರು ಹೋಗಿದೆ, ಪೂರ್ತಿ ತೆಗೆದು ಹೊಸದು ತುಂಬಿ. ಸ್ವಿಂಗ್ ಗೇರ್‌ಬಾಕ್ಸ್ ಡಿಪ್‌ಸ್ಟಿಕ್‌ನಲ್ಲಿ ಲೆವೆಲ್ ತಾನಾಗೇ ಏರಿದ್ದರೆ ಮೋಟರ್ ಶಾಫ್ಟ್ ಸೀಲ್ ಬಿಟ್ಟು ಹೈಡ್ರಾಲಿಕ್ ಆಯಿಲ್ ಇಳಿಯುತ್ತಿದೆ ಅಂತಲೇ.

ಇಷ್ಟಾದ ಮೇಲೂ ಮೋಟರೇ ಅಂತಾದರೆ, ಡ್ರೈನ್ 10ಕ್ಕಿಂತ ಸ್ವಲ್ಪವೇ ಹೆಚ್ಚಿದ್ದು ಮೋಟರಿನ ಸಿಲಿಂಡರ್ ಬ್ಲಾಕ್‌ನಲ್ಲಿ ಆಳದ ಗೀರಿಲ್ಲದಿದ್ದರೆ ರೀಕಂಡಿಷನ್ ಸಾಕು. ಕೂರಿಸಿದ ಮೇಲೆ ಸ್ಟಾರ್ಟ್ ಮಾಡುವ ಮುಂಚೆ ಡ್ರೈನ್ ಪೋರ್ಟ್ ಮೂಲಕ ಕೇಸ್ ತುಂಬಾ ಶುದ್ಧ ಹೈಡ್ರಾಲಿಕ್ ಆಯಿಲ್ ತುಂಬಿಸಿ. ಒಣ ಕೇಸಲ್ಲಿ ತಿರುಗಿಸಿದರೆ ಶೂಗಳು ಆಗಲೇ ಸುಡುತ್ತವೆ.

ಬ್ರೇಕ್ ಪೋರ್ಟ್ ಒತ್ತಡ, ಮೂರು ಸುತ್ತಿನ ಟೈಮ್, ಡ್ರೈನ್ ಲೀಟರ್, ಮೂರೂ ಬಿಸಿಯಲ್ಲಿ ತೆಗೆದು, ಮಷಿನ್ ಮಾಡೆಲ್ ಜೊತೆ ಇಲ್ಲೇ ಬರೆಯಿರಿ, ನೋಡಿ ಹೇಳ್ತೀನಿ. ಅಲ್ಲಿಯವರೆಗೆ ಮೋಟರ್‌ಗೆ ಅಡ್ವಾನ್ಸ್ ಕೊಡಬೇಡಿ.