ಆ ದೊಡ್ಡ ಕಣ್ಣುಗಳನ್ನು ಅಳಿಸಬೇಡಿ

ಧಾರವಾಡದ ತಾಯಿಯೊಬ್ಬರು ಬರೆದಿದ್ದಾರೆ: “ಮಗಳು ಒಂಬತ್ತನೇ ಕ್ಲಾಸು. ಪುಸ್ತಕ ಹಿಡಿದರೆ ಸಾಕು, ಅಂಚಿನಲ್ಲೆಲ್ಲ ಜಪಾನಿನ ಕಾಮಿಕ್ಸ್, ಮಾಂಗಾ ಥರದ ಚಿತ್ರ. ಎಲ್ಲ ಮುಖಕ್ಕೂ ಅದೇ ದೊಡ್ಡ ಕಣ್ಣು. ಇದು ಕಲೆಯೇ ಅಲ್ಲ, ಬರೀ ಕಾಪಿ, ಈ ಚಟ ಬಿಡಿಸಿ ಅಂತ ಅವಳ ಡ್ರಾಯಿಂಗ್ ಮೇಷ್ಟ್ರು ಹೇಳಿದರು. ಏನು ಮಾಡಲಿ?” ಜೊತೆಗೆ ಮಗಳ ಮೂರು ಚಿತ್ರ ಕಳಿಸಿದ್ದಾರೆ.

ಅಮ್ಮಾ, ಮೇಷ್ಟ್ರ ಮಾತಿನಲ್ಲಿ ಒಂದು ನಿಜ ಇದೆ. ಮೂಳೆ, ಕೀಲು ಗೊತ್ತಿಲ್ಲದೆ ಬರೆದ ಮನುಷ್ಯ ಕಾಗದದ ಮೇಲೆ ನಿಲ್ಲುವುದಿಲ್ಲ. ಅದನ್ನು ಅವಳು ಕಲಿಯಲೇಬೇಕು. ಆದರೆ “ಕಲೆಯೇ ಅಲ್ಲ” ಅನ್ನುವುದನ್ನು ನಾನು ಒಪ್ಪಲಾರೆ.

ಆ ಕಣ್ಣುಗಳನ್ನು ಮನೆಮಾತಾಗಿಸಿದವರು ಜಪಾನಿನ ಮಾಂಗಾ ಚಿತ್ರಕಾರ ಒಸಾಮು ತೆಜುಕಾ. ಬೆಳೆದದ್ದು ತಕರಾಜುಕಾ ಊರಿನಲ್ಲಿ. ಹೆಂಗಸರೇ ಎಲ್ಲ ಪಾತ್ರ ಮಾಡುವ ನಾಟಕ ಕಂಪನಿಗೆ ಹೆಸರಾದ ಊರು ಅದು. ತಾಯಿ ಅವರನ್ನು ಆ ನಾಟಕಗಳಿಗೆ ಕರೆದುಕೊಂಡು ಹೋಗುತ್ತಿದ್ದರು. ರಂಗದ ಮೇಲೆ ಹೊಳೆಯುವ ಬಣ್ಣ ತೀಡಿದ ಕಣ್ಣುಗಳು, ಅಮೆರಿಕದ ಕಾರ್ಟೂನ್ ಸಿನಿಮಾಗಳು, ಎರಡೂ ಆ ಹುಡುಗನ ಕೈಗೆ ಇಳಿದವು. ಜೊತೆಗೆ ಹುಳುಗಳ ಹುಚ್ಚು. ಒಂದು ಜೀರುಂಡೆಯ ಹೆಸರನ್ನೇ ಸೇರಿಸಿ ಕಾವ್ಯನಾಮ ಮಾಡಿಕೊಂಡರು. ಮುಂದೆ ವೈದ್ಯಕೀಯವನ್ನೂ ಓದಿದರು. 1952ರಲ್ಲಿ ಅವರ ಪುಟ್ಟ ರೋಬೋ ಹುಡುಗ ‘ಆಸ್ಟ್ರೋ ಬಾಯ್’ನ ಸ್ವಂತ ಸರಣಿ ಪತ್ರಿಕೆಯಲ್ಲಿ ಶುರುವಾಗುವ ಹೊತ್ತಿಗೆ ಆ ಕೈ ಎಷ್ಟು ನೋಡಿತ್ತು, ಎಷ್ಟು ಬರೆದಿತ್ತು ಯೋಚಿಸಿ.

ಇನ್ನು ಕಾಪಿ ಮಾತು. ಜಪಾನಿನ ಹಳೆಯ ಚಿತ್ರಕಾರ ಹೊಕುಸಾಯಿಯ, 1814ರಿಂದ ಹೊರಬಂದ ಚಿತ್ರಪುಸ್ತಕಗಳಿಗೆ ‘ಮಾಂಗಾ’ ಅಂತಲೇ ಹೆಸರು. ಒಟ್ಟು 15 ಸಂಪುಟ. ಕುಸ್ತಿಯವರು, ಮೀನು, ಗಾಳಿಗೆ ಸಿಕ್ಕ ದಾರಿಹೋಕರು, ಎಲ್ಲ ಇದೆ. ಕಲಿಯುವವರು ನೋಡಿ ತಿದ್ದಲಿ ಅಂತಲೇ ಶುರುವಾದ ಪುಸ್ತಕ ಅದು!

ನಾನೂ ತಿದ್ದಿದವನೇ. ಕಾಗದಕ್ಕೆ ಕೊಬ್ಬರಿ ಎಣ್ಣೆ ಸವರಿ, ಬಿಸಿಲಿಗೆ ಒಣಗಿಸಿ, ಚಂದಮಾಮದ ವಿಕ್ರಮನ ಮೇಲೆ ಇಟ್ಟು ಗೆರೆ ಎಳೆಯುತ್ತಿದ್ದೆ. ಪುಟಕ್ಕೆ ಎಣ್ಣೆ ಇಳಿದು ಅಕ್ಕನ ಕೈಲಿ ಬೈಸಿಕೊಂಡೆ. ಆದರೆ ಮೊಣಕೈ ಎಲ್ಲಿ ಮಡಿಯುತ್ತದೆ, ಪಂಚೆಯ ನೆರಿಗೆ ಎಲ್ಲಿಂದ ಹುಟ್ಟುತ್ತದೆ ಅನ್ನುವುದು ನನ್ನ ಪೆನ್ಸಿಲ್ಲಿಗೆ ಗೊತ್ತಾಗಿದ್ದು ಹಾಗೆ.

ಮಾಂಗಾ ಓದಲೂ ಅಭ್ಯಾಸ ಬೇಕು, ಅಮ್ಮಾ. ಬಲದಿಂದ ಎಡಕ್ಕೆ ಹೋಗಿ. ಆತುರ ಬೇಡ. ಖಾಲಿ ಕೋಣೆಯ ಚಿತ್ರದ ಮೇಲೆ ಅವರು ‘ಶೀನ್’ ಅಂತ ಬರೆಯುತ್ತಾರೆ. ಸದ್ದೇ ಇಲ್ಲದ್ದಕ್ಕೂ ಒಂದು ಸದ್ದು! ನಮ್ಮ ‘ಬಿಕೋ’ ಇದೆಯಲ್ಲ, ಹಾಗೆ. ಇಂಥ ಮಾತು ನಮ್ಮಲ್ಲಿ ರಾಶಿ ಬಿದ್ದಿದೆ. ಅದನ್ನು ಚಿತ್ರದೊಳಗೆ ತರುವ ಕೈಗಳನ್ನೇ ನಾವು ಬೆಳೆಸುತ್ತಿಲ್ಲ. ಡ್ರಾಯಿಂಗ್ ಪೀರಿಯಡ್ಡು ಅಂದರೆ ಸುಮ್ನೆ ಗಣಿತಕ್ಕೆ ಬಿಟ್ಟುಕೊಡುವ ಪೀರಿಯಡ್ಡು. ಪರೀಕ್ಷೆ ಹತ್ತಿರ ಬಂದರೆ ಅದೂ ಇಲ್ಲ. ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಗುಡಿಸಲು: ಮೂರು ತಲೆಮಾರು ಇದನ್ನೇ ಬರೆದಿದೆ. ಅದನ್ನು ಯಾರೂ ಕಾಪಿ ಅನ್ನಲಿಲ್ಲ, ಅಲ್ವಾ?

ನಿಮ್ಮ ಮೇಲೂ ಒಂದು ಸಣ್ಣ ಸಿಟ್ಟಿದೆ. ಕಳಿಸುವ ಮುಂಚೆ ಆ ಚಿತ್ರಗಳನ್ನು ನೀವು ಸರಿಯಾಗಿ ನೋಡಿದಿರಾ? ಬಸ್ ಸ್ಟಾಪಿನಲ್ಲಿ ನಿಂತ ಹುಡುಗಿಯ ಮೇಲೆ ಮಳೆ ಸುರಿಯುತ್ತಿದೆ. ಗೆರೆಗಳು ಮೇಲೆ ದಪ್ಪ, ಕೆಳಗೆ ಬರುತ್ತಾ ಕೂದಲೆಳೆ. ಛತ್ರಿಯ ಅಂಚಿನಲ್ಲಿ ಒಂದೊಂದೂ ತುಂಡಾಗಿದೆ. ಇದನ್ನು ಅವಳು ಯಾವ ಪುಸ್ತಕದಿಂದಲೂ ಎತ್ತಿದ್ದಲ್ಲ ಅನ್ನಿಸುತ್ತದೆ. ನಿಮ್ಮೂರಿನ ಮಳೆಯನ್ನು ನೋಡಿದ್ದಾಳೆ.

ಒಂದು ಕಳ್ಳತನ ಮಾತ್ರ ಹಿಡಿದೆ. ಮೂರೂ ಚಿತ್ರದಲ್ಲಿ ಕೈಗಳು ಬೆನ್ನ ಹಿಂದೆ ಇಲ್ಲವೇ ಜೇಬಿನೊಳಗೆ. ಕೈ ಬರೆಯುವುದು ಕಷ್ಟ, ಎಲ್ಲರೂ ಬಚ್ಚಿಡುತ್ತಾರೆ. ಇವತ್ತು ಸಂಜೆ ನೀವು ಸೊಪ್ಪು ಬಿಡಿಸುವಾಗ ಅವಳನ್ನು ಎದುರಿಗೆ ಕೂರಿಸಿಕೊಳ್ಳಿ. ನಿಮ್ಮ ಕೈ ಬರೆಯಲಿ. ಹತ್ತು ಸಲ ಬರೆಯಲಿ. ಹತ್ತನೆಯದನ್ನು ನನಗೆ ಕಳಿಸಿ.