ಓದುಗರ ಪ್ರಶ್ನೆ: ‘ನನಗೆ ಸಪೋರ್ಟ್’ ಎಂಬ ‘ಗೆ’ ತಂದ ತಾಪತ್ರಯ

ಈ ಸಲ ಬಂದ ಪತ್ರಗಳಲ್ಲಿ ಐದು ಪತ್ರಗಳು ಒಂದೇ ಕುಟುಂಬದ ಇಂಗ್ಲಿಷ್ ಪದಗಳನ್ನು ಹಿಡಿದು ಬಂದಿವೆ: ಸಪೋರ್ಟ್, ಮೇಂಟೇನ್, ಸಸ್ಟೇನ್, ಅಪ್‌ಹೋಲ್ಡ್, ಕೀಪ್ ಅಪ್. ಎಲ್ಲಕ್ಕೂ ಒಟ್ಟಿಗೇ ಉತ್ತರಿಸಿದ್ದೇವೆ.

ಪ್ರಶ್ನೆ (ಎಂಜಿನಿಯರಿಂಗ್ ವಿದ್ಯಾರ್ಥಿನಿ, ವಿದ್ಯಾನಗರ, ಹುಬ್ಬಳ್ಳಿ): ಪ್ರಾಜೆಕ್ಟ್ ವರದಿಯ ಕೃತಜ್ಞತೆ ಪುಟದಾಗ ‘ಐ ಥ್ಯಾಂಕ್ ಮೈ ಗೈಡ್ ಫಾರ್ ಸಪೋರ್ಟಿಂಗ್ ಟು ಮಿ’ ಅಂತ ಬರದಿದ್ದೆ. ಸರ್ ‘ಟು’ ಮ್ಯಾಲೆ ಕೆಂಪು ಗೆರಿ ಹೊಡದು ವಾಪಸ್ ಕೊಟ್ರು. ಆದ್ರ ‘ಗಿವ್ ಸಪೋರ್ಟ್ ಟು’ ಅಂತ ಪೇಪರಿನಾಗ ಓದೀನಿ. ಯಾವುದು ಖರೆ ರೀ?

ಉತ್ತರ: ಕೆಂಪು ಗೆರೆಯೂ ಖರೆ, ನೀವು ಪೇಪರಿನಲ್ಲಿ ಓದಿದ್ದೂ ಖರೆ. ಕನ್ನಡದಲ್ಲಿ ನಾವು ‘ನನಗೆ ಸಪೋರ್ಟ್ ಮಾಡಿದರು’ ಎನ್ನುತ್ತೇವೆ. ಆ ‘ಗೆ’ ಇಂಗ್ಲಿಷಿಗೆ ಹೋಗುವಾಗ ‘ಟು’ ಆಗಿಬಿಡುತ್ತದೆ. ಬರೆಯುವ ಮೊದಲು ಮನಸ್ಸಿನಲ್ಲಿ ‘ನನ್ನನ್ನು ಬೆಂಬಲಿಸಿದರು’ ಎಂದುಕೊಳ್ಳಿ. ‘ಅನ್ನು’ ಬಂದ ಕೂಡಲೇ ‘ಟು’ ತಾನಾಗಿಯೇ ಉದುರುತ್ತದೆ: ‘ಫಾರ್ ಸಪೋರ್ಟಿಂಗ್ ಮಿ’. ‘ಹೆಲ್ಪ್’ ಕ್ರಿಯಾಪದಕ್ಕೂ ಇದೇ ಔಷಧ.

ಸಪೋರ್ಟ್ ನಾಮಪದವಾದಾಗ ಮಾತ್ರ ಬಾಲ ಬೇಕು. ಬೆಂಬಲ ಪಡೆದವರ ಮುಂದೆ ‘ಟು’, ಕೊಟ್ಟವರ ಮುಂದೆ ‘ಫ್ರಮ್’, ಬೇಡಿಕೆ ಅಥವಾ ವಿಚಾರದ ಮುಂದೆ ‘ಫಾರ್’. ಮಹದಾಯಿ ನೀರಿಗಾಗಿ ನವಲಗುಂದದಲ್ಲಿ ನಡೆದ ಹೋರಾಟದ ಬಗ್ಗೆ ಬರೆಯುವಾಗ ‘ಸಪೋರ್ಟ್ ಫಾರ್ ದಿ ಅಜಿಟೇಶನ್’ ಎಂದಾಗಬೇಕು. ಬಂದ್ ಕರೆದಿದ್ದರೆ ಅದು ‘ಇನ್ ಸಪೋರ್ಟ್ ಆಫ್’ ಹೋರಾಟ. ವಿಶೇಷಣ ‘ಸಪೋರ್ಟಿವ್’ ಕೂಡ ‘ಆಫ್’ ಕೇಳುತ್ತದೆ: ‘ಸಪೋರ್ಟಿವ್ ಆಫ್ ಮಿ’.

ಇನ್ನೊಂದು ಮಾತು. ‘ಥ್ಯಾಂಕ್ಸ್ ಫಾರ್ ಆಲ್ ಯುವರ್ ಸಪೋರ್ಟ್ಸ್’ ಎಂದು ಬಹುವಚನ ಮಾಡಬೇಡಿ. ಬೆಂಬಲಕ್ಕೆ ಎಣಿಕೆಯಿಲ್ಲ. ‘ಸಪೋರ್ಟ್ಸ್’ ಎಂದರೆ ಸ್ಲ್ಯಾಬ್ ಹಾಕುವಾಗ ಕೆಳಗೆ ಆಸರೆಗೆ ನಿಲ್ಲಿಸುವ ಕಂಬಗಳು. ನಿಮ್ಮ ಗೈಡ್ ಅವುಗಳಲ್ಲಿ ಒಂದನ್ನೂ ಕೊಟ್ಟಿರಲಿಕ್ಕಿಲ್ಲ.

ಪ್ರಶ್ನೆ (ಮೋಟಾರ್ ರಿವೈಂಡಿಂಗ್ ಅಂಗಡಿ, ಗೋಕುಲ ರಸ್ತೆ, ಹುಬ್ಬಳ್ಳಿ): ಕೊಟೇಶನ್‌ನಲ್ಲಿ ‘ಮೇಂಟೆನನ್ಸ್’ ಸ್ಪೆಲ್ಲಿಂಗ್ ಪ್ರತಿ ಸಲ ತಪ್ಪುತ್ತದೆ. ವರ್ಷದ ಮೇಂಟೆನನ್ಸ್ ಅಂತ ಬರೆದುಕೊಟ್ಟರೆ ಗಿರಾಕಿಗಳು ಮೋಟಾರ್ ಸುಟ್ಟಾಗ ರಿವೈಂಡಿಂಗೂ ಅದರೊಳಗೇ ಬರುತ್ತದೆಂದು ತಂಟೆ ತೆಗೆಯುತ್ತಾರೆ.

ಉತ್ತರ: ಸ್ಪೆಲ್ಲಿಂಗ್ ಮೊದಲು: ಎಂ, ಎ, ಐ, ಎನ್, ಟಿ, ಇ, ಎನ್, ಎ, ಎನ್, ಸಿ, ಇ. ಒಟ್ಟು ಹನ್ನೊಂದು ಅಕ್ಷರ. ಕ್ರಿಯಾಪದದ ಕೊನೆಯ ‘ಟೇನ್’ನಲ್ಲಿರುವ ಎ-ಐ ಜೋಡಿ ನಾಮಪದದಲ್ಲಿ ಒಂಟಿ ಇ ಆಗುತ್ತದೆ. ಉಚ್ಚಾರದಲ್ಲೇ ಕಾರಣ ಕೇಳಿಸುತ್ತದೆ: ಕ್ರಿಯಾಪದದಲ್ಲಿ ಒತ್ತು ಕೊನೆಗೆ ಬೀಳುತ್ತದೆ, ನಾಮಪದದಲ್ಲಿ ಮೊದಲಿಗೆ ಸರಿದು ನಡುವಿನ ಸ್ವರ ಸೊರಗುತ್ತದೆ. ‘ಸಸ್ಟೇನ್’ನಿಂದ ‘ಸಸ್ಟೆನನ್ಸ್’ ಆಗುವುದೂ ಇದೇ ದಾರಿಯಲ್ಲಿ. ಆದರೆ ‘ಮೇಂಟೇನಬಲ್’, ‘ಸಸ್ಟೇನಬಲ್’ ಬರೆಯುವಾಗ ಎ-ಐ ಹಾಗೇ ಉಳಿಯುತ್ತದೆ, ಏಕೆಂದರೆ ಅಲ್ಲಿ ಒತ್ತು ಸರಿಯುವುದಿಲ್ಲ.

ತಂಟೆಯ ಮೂಲ ಅರ್ಥದಲ್ಲಿದೆ. ‘ಮೇಂಟೇನ್’ ಲ್ಯಾಟಿನ್ನಿನ ‘ಕೈಯಲ್ಲಿ ಹಿಡಿ’ ಎಂಬ ಮಾತಿನಿಂದ ಫ್ರೆಂಚ್ ದಾಟಿ ಬಂದದ್ದು. ಚೆನ್ನಾಗಿ ನಡೆಯುತ್ತಿರುವುದನ್ನು ಅದೇ ಸ್ಥಿತಿಯಲ್ಲಿ ಹಿಡಿದಿಡುವುದು ಅದರ ತಿರುಳು. ಬೇರಿಂಗಿಗೆ ಗ್ರೀಸ್ ಹಾಕುವುದು, ಧೂಳು ಊದುವುದು, ಟರ್ಮಿನಲ್ ಬಿಗಿ ಮಾಡುವುದು, ಮೆಗ್ಗರ್ ಎಂಬ ಮಾಪಕ ಹಿಡಿದು ಇನ್ಸುಲೇಶನ್ ನೋಡುವುದು ಮೇಂಟೆನನ್ಸ್. ಸುಟ್ಟ ವೈಂಡಿಂಗ್ ಬಿಚ್ಚಿ ಹೊಸ ತಂತಿ ಸುತ್ತುವುದು ರಿಪೇರಿ. ಆದರೆ ವ್ಯವಹಾರದಲ್ಲಿ ‘ಕಾಂಪ್ರಹೆನ್ಸಿವ್’ ಎಂಬ ವಿಶೇಷಣ ಸೇರಿದರೆ ಬಿಡಿಭಾಗ, ರಿಪೇರಿ ಎಲ್ಲ ಒಳಗೆ ಬಂದವೆಂದೇ ಗಿರಾಕಿ ಹಿಡಿಯುತ್ತಾನೆ. ಆ ಪದವನ್ನು ಸುಮ್ಮನೆ ಶೋಭೆಗೆ ಬಳಸಬೇಡಿ. ವರ್ಷಕ್ಕೆ ಎಷ್ಟು ಭೇಟಿ ಎಂಬುದನ್ನು ಅಂಕಿಯಲ್ಲಿ ಬರೆಯಿರಿ, ಅದರ ಕೆಳಗೇ ‘ಎಕ್ಸ್‌ಕ್ಲೂಡಿಂಗ್ ರಿವೈಂಡಿಂಗ್ ಆ್ಯಂಡ್ ಸ್ಪೇರ್ ಪಾರ್ಟ್ಸ್’ ಎಂಬ ಸಾಲು ಇರಲಿ. ‘ಎ ಮೇಂಟೆನನ್ಸ್’ ಎಂದಾಗಲೀ ‘ಮೇಂಟೆನನ್ಸಸ್’ ಎಂದಾಗಲೀ ಬರೆಯಬೇಡಿ. ಎಣಿಸಬೇಕಾದರೆ ‘ವಿಸಿಟ್’ ಎಣಿಸಿ.

ಪ್ರಶ್ನೆ (ಕಾನೂನು ವಿದ್ಯಾರ್ಥಿ, ಧಾರವಾಡ): ‘ಹೈಕೋರ್ಟ್ ತೀರ್ಪನ್ನು ಎತ್ತಿಹಿಡಿಯಿತು’ ಎನ್ನಲು ಅಪ್‌ಹೋಲ್ಡ್, ಸಸ್ಟೇನ್, ಮೇಂಟೇನ್ ಮೂರನ್ನೂ ಕಂಡಿದ್ದೇನೆ. ಯಾವುದನ್ನು ಬಳಸಲಿ?

ಉತ್ತರ: ‘ಅಪ್‌ಹೋಲ್ಡ್’ ಬಳಸಿ. ‘ಎತ್ತಿ’ ಮತ್ತು ‘ಹಿಡಿ’, ಎರಡೂ ತುಂಡುಗಳು ಅದರಲ್ಲಿ ಕನ್ನಡದಂತೆಯೇ ಕೂತಿವೆ. ಭೂತಕಾಲ ‘ಅಪ್‌ಹೆಲ್ಡ್’. ‘ಅಪ್‌ಹೋಲ್ಡೆಡ್’ ಎಂಬ ರೂಪವೇ ಇಲ್ಲ. ‘ಸಸ್ಟೇನ್’ ತಪ್ಪಲ್ಲ, ಆದರೆ ವಿಚಾರಣೆಯ ನಡುವೆ ವಕೀಲರ ಆಕ್ಷೇಪವನ್ನು ಒಪ್ಪಿದಾಗ ಅದು ಹೆಚ್ಚು ಒಪ್ಪುತ್ತದೆ, ತಳ್ಳಿದರೆ ‘ಓವರ್‌ರೂಲ್’. ‘ಮೇಂಟೇನ್’ಗೆ ಕೋರ್ಟಿನಲ್ಲಿ ಬೇರೆ ಕೆಲಸಗಳಿವೆ. ಯಥಾಸ್ಥಿತಿ ಕಾಪಾಡಿ ಎಂಬ ಆದೇಶಕ್ಕೆ ‘ಮೇಂಟೇನ್ ಸ್ಟೇಟಸ್ ಕೋ’. ಅರ್ಜಿ ಕಾನೂನಿನಲ್ಲಿ ನಿಲ್ಲುವುದಿಲ್ಲ ಎನ್ನಲು ‘ನಾಟ್ ಮೇಂಟೇನಬಲ್’. ಇನ್ನು ‘ಮೇಂಟೆನನ್ಸ್’ ಎಂದರೆ ಜೀವನಾಂಶ: ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಲ್ಲಿ ಇದ್ದದ್ದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ಕ್ಕೆ ಬಂದಿದೆ. ಹಳೆಯ ಗೈಡು ಓದುತ್ತಿದ್ದರೆ ಕಲಮಿನ ಸಂಖ್ಯೆ ತಿದ್ದಿಕೊಳ್ಳಿ.

‘ದಿ ಅಕ್ಯೂಸ್ಡ್ ಮೇಂಟೇನ್ಸ್ ದಟ್...’ ಎಂದು ಶುರುವಾದರೆ ಎಚ್ಚರ. ಆರೋಪಿ ಏನನ್ನೂ ನಿರ್ವಹಿಸುತ್ತಿಲ್ಲ. ಎಷ್ಟು ಕೇಳಿದರೂ ತನ್ನ ಮಾತಿಗೇ ಅಂಟಿಕೊಂಡಿದ್ದಾನೆ. ‘ದಟ್’ ಕಂಡರೆ ‘ಪಟ್ಟು ಹಿಡಿದು ಹೇಳುತ್ತಾನೆ’ ಎಂದೇ ಕನ್ನಡಿಸಿ.

ಪ್ರಶ್ನೆ (ಪತ್ರಿಕೆಯ ಬಿಡಿ ಸುದ್ದಿಗಾರ, ಹಾವೇರಿ): ಅಪಘಾತದ ಸುದ್ದಿಯಲ್ಲಿ ‘ಸಸ್ಟೇನ್ಡ್ ಇಂಜುರೀಸ್’ ಎಂದು ಬರುತ್ತದೆ. ಸಸ್ಟೇನ್ ಅಂದರೆ ಪೋಷಿಸುವುದಲ್ಲವೇ? ಗಾಯವನ್ನು ಯಾರಾದರೂ ಪೋಷಿಸುತ್ತಾರೆಯೇ?

ಉತ್ತರ: ಒಳ್ಳೆಯ ಗುಮಾನಿ. ಕೀಲಿಕೈ ನಮ್ಮ ‘ತಾಳು’ ಎಂಬ ಕ್ರಿಯಾಪದದಲ್ಲಿದೆ. ತೊಲೆ ಭಾರ ತಾಳುತ್ತದೆ, ಮನುಷ್ಯ ನೋವು ತಾಳುತ್ತಾನೆ, ಚಪ್ಪಲಿ ಎರಡು ವರ್ಷ ತಾಳುತ್ತದೆ. ‘ಸಸ್ಟೇನ್’ ಎಂದರೆ ಮೂಲದಲ್ಲಿ ಕೆಳಗಿನಿಂದ ಹಿಡಿದಿರುವುದು. ಭಾರ ಹೊರು, ಪೆಟ್ಟು ತಿನ್ನು, ಬಹುಕಾಲ ಉಳಿಸು ಎಂಬ ಮೂರೂ ಅರ್ಥಗಳು ಅದರಿಂದಲೇ ಕವಲೊಡೆದವು. ಆದ್ದರಿಂದ ಗಾಯ, ನಷ್ಟ, ಸೋಲು ಇವನ್ನು ‘ಸಸ್ಟೇನ್’ ಮಾಡಬಹುದು. ಬೆಲೆ ಕುಸಿದು ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಬೆಳೆಗಾರರಿಗೆ ಪೆಟ್ಟು ಬಿದ್ದರೆ ‘ಸಸ್ಟೇನ್ಡ್ ಲಾಸಸ್’ ಸರಿ. ಜ್ವರ, ಸಕ್ಕರೆ ಕಾಯಿಲೆಗೆ ಮಾತ್ರ ಬೇಡ. ಅಲ್ಲಿ ‘ಸಫರ್ ಫ್ರಮ್’. ನಮ್ಮನ್ನು ಕೇಳಿದರೆ ಅಪಘಾತದ ಸುದ್ದಿಗೆ ‘ವಾಸ್ ಇಂಜುರ್ಡ್’ ಸಾಕು. ಪೊಲೀಸ್ ವರದಿಯ ಭಾಷೆಯನ್ನು ಓದುಗರ ಮೇಲೆ ಹೇರುವುದೇಕೆ?

ಸಸ್ಟೇನ್ ಮತ್ತು ಮೇಂಟೇನ್ ನಡುವಿನ ಗೆರೆ ಬೇಕಿದ್ದರೆ ಹಿಂದುಸ್ತಾನಿ ಸಂಗೀತದ ಕಿರಾನಾ ಘರಾಣೆಯ ವಿಲಂಬಿತ (ನಿಧಾನಗತಿಯ) ಆಲಾಪ ಕೇಳಿ, ನಮ್ಮ ಭಾಗದಲ್ಲಿ ಅದಕ್ಕೆ ಬರವಿಲ್ಲ. ಒಂದೇ ಷಡ್ಜವನ್ನು (‘ಸ’ ಸ್ವರವನ್ನು) ಉಸಿರು ತೀರುವವರೆಗೆ ನಿಲ್ಲಿಸುವುದು ‘ಸಸ್ಟೇನ್’. ಹಾಗೆ ನಿಲ್ಲಿಸುವಾಗ ಶ್ರುತಿ ಮೇಲೆ ಕೆಳಗೆ ಜಾರದಂತೆ ನೋಡಿಕೊಳ್ಳುವುದು ‘ಮೇಂಟೇನ್’. ಮೊದಲನೆಯದಕ್ಕೆ ಕಾಲದ ಲೆಕ್ಕ, ಎರಡನೆಯದಕ್ಕೆ ಮಟ್ಟದ ಲೆಕ್ಕ.

ಪ್ರಶ್ನೆ (ಗ್ರಂಥಾಲಯ ಸಹಾಯಕಿ, ಗದಗ): ‘ಮೇಂಟೇನ್ ಸೈಲೆನ್ಸ್’, ‘ಮೇಂಟೇನ್ ಕ್ಯೂ’ ಎಂಬ ಫಲಕಗಳು ತಪ್ಪೇ? ‘ಕೀಪ್ ಅಪ್’, ‘ಅಪ್‌ಕೀಪ್’ ಒಂದೇನಾ?

ಉತ್ತರ: ‘ಮೌನ ಕಾಪಾಡಿ’ ಎಂಬುದರ ನೆರಳು ‘ಮೇಂಟೇನ್ ಸೈಲೆನ್ಸ್’ ಮೇಲೆ ಬಿದ್ದಿದೆ. ಭಾರತದ ಇಂಗ್ಲಿಷಿನಲ್ಲಿ ಅದು ಗಟ್ಟಿಯಾಗಿ ನೆಲೆಯೂರಿದ್ದರಿಂದ ತಪ್ಪೆನ್ನಲಾರೆವು. ಆದರೆ ಮೇಂಟೇನ್ ಮಾಡಬೇಕಾದರೆ ಆ ಮೌನ ಮೊದಲೇ ಅಲ್ಲಿರಬೇಕಲ್ಲ! ಗದ್ದಲದ ಓದುಕೋಣೆಗೆ ‘ಸೈಲೆನ್ಸ್, ಪ್ಲೀಸ್’ ಸಾಕು. ‘ಮೇಂಟೇನ್ ಕ್ಯೂ’ದಲ್ಲಿ ಒಂದು ‘ಎ’ ಬಿಟ್ಟುಹೋಗಿದೆ. ‘ಪ್ಲೀಸ್ ಸ್ಟ್ಯಾಂಡ್ ಇನ್ ಎ ಕ್ಯೂ’ ಬರೆಸಿ. ಡೈರಿಯನ್ನು ‘ಮೇಂಟೇನ್’ ಮಾಡುವುದಕ್ಕಿಂತ ‘ಕೀಪ್’ ಮಾಡುವುದು ಸಹಜ.

‘ಅಪ್‌ಕೀಪ್’ ನಾಮಪದ ಮಾತ್ರ, ಬಹುವಚನವಿಲ್ಲ: ‘ದಿ ಅಪ್‌ಕೀಪ್ ಆಫ್ ದಿ ಬಿಲ್ಡಿಂಗ್’. ‘ಕೀಪ್ ಅಪ್’ ಕ್ರಿಯಾಪದ: ನಡೆಯುತ್ತಿರುವುದನ್ನು ಬಿಡದೆ ನಡೆಸು. ಅದಕ್ಕೆ ‘ವಿತ್’ ಸೇರಿದರೆ ಮುಂದಿರುವವರಿಗೆ ಸರಿಸಮ ಹೆಜ್ಜೆ ಹಾಕು ಎಂದಾಗುತ್ತದೆ. ‘ಹೋಲ್ಡ್ ಅಪ್’ ಬಳಸುವಾಗ ಮಾತ್ರ ನೋಡಿಕೊಳ್ಳಿ: ಕಂಬ ಚಾವಣಿಯನ್ನು ‘ಹೋಲ್ಡ್ ಅಪ್’ ಮಾಡಿದರೆ ಆಸರೆ, ಗೂಡ್ಸ್ ಗಾಡಿ ಪ್ಯಾಸೆಂಜರನ್ನು ‘ಹೋಲ್ಡ್ ಅಪ್’ ಮಾಡಿದರೆ ತಡ.